ಕೊಡಲಿಗೆ ಕಾವು ಹಾಕಿಕೊಡುವವರು



ಬೇಡಲು ಬಂದ ಅನ್ಸಾರಿಯೊಬ್ಬರ ಘಟನೆಯನ್ನು ನೀವು ಕೇಳಿರಬಹುದು. ಪ್ರವಾದಿವರ್ಯರು(ಸ) ಅವರ ಮನೆಯಲ್ಲಿದ್ದ ಹೊದಿಕೆ ಮತ್ತು ಬಟ್ಟಲನ್ನು ತರಿಸಿ ಎರಡು ದಿರ್ಹಮ್‌ಗೆ ಮಾರಿಸಿದರು. ಒಂದು ದಿರ್ಹಮ್‌ನಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಅದಕ್ಕೆ ತಮ್ಮ ಕೈಯಾರೆ ಕಾವು ಹಾಕಿಕೊಟ್ಟು, ಕಟ್ಟಿಗೆ ಮಾರಿ ಹದಿನೈದು ದಿನಗಳ ಬಳಿಕ ಬರಲು ಹೇಳಿದರು. ಆ ವ್ಯಕ್ತಿ ಹತ್ತು ದಿರ್ಹಮ್ ಸಂಪಾದಿಸಿ ಮರಳಿದರು.

ಇರುವುದನ್ನು ಗುರುತಿಸುವುದು, ಸಲಕರಣೆ ಒದಗಿಸುವುದು, ಮತ್ತೆ ವಿಚಾರಿಸುವುದು. ಇಂದು ಈ ಕೆಲಸಕ್ಕೆಂದೇ ಸರಕಾರಿ ಅಧಿಕಾರಿಗಳಿದ್ದಾರೆ. ಅವರ ಪರಿಚಯ ನಮಗೆಷ್ಟಿದೆ?

ಆಲಮಟ್ಟಿ ಹಿನ್ನೀರಿಗೆ ಸಿಕ್ಕ ಹಳೆ ಬಾಗಲಕೋಟೆಯ ಕುಟುಂಬಗಳಿಗಾಗಿ ಕಟ್ಟಿದ ಊರು ನಮ್ಮ ನವನಗರ. ಮನೆಯೊಂದಿಗೆ ಅಂಗಡಿ, ಓಣಿ, ಗಿರಾಕಿಗಳೂ ಹೋದವು. ಪರಿಹಾರದ ಹಣ ಮನೆ ಕಟ್ಟುವುದರಲ್ಲಿ, ಮದುವೆಗಳಲ್ಲಿ ಕರಗಿತು. ಆದರೆ ಕೈಯ ಕಸುಬು ಮುಳುಗಲಿಲ್ಲ. ಹೊಲಿಗೆ, ಕಸೂತಿ, ಅಡುಗೆ ಬಲ್ಲವರು ನಮ್ಮ ಮನೆಗಳಲ್ಲಿದ್ದಾರೆ. ಪಕ್ಕದ ಇಳಕಲ್ಲಿನಲ್ಲಿ ಸೀರೆಯ ಮಗ್ಗ ಎಷ್ಟೋ ಮನೆಗಳಿಗೆ ಅನ್ನ ನೀಡಿದೆ.

ಜಿಲ್ಲಾ ಕೈಗಾರಿಕಾ ಕೇಂದ್ರಗಳು ನಮ್ಮ ದೇಶದಲ್ಲಿ ಆರಂಭವಾದದ್ದು 1978ರಲ್ಲಿ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಕೇಂದ್ರದ ಮುಖ್ಯಸ್ಥರು ಜಂಟಿ ನಿರ್ದೇಶಕರು. ತಾಲೂಕಿಗೆ ಕೈಗಾರಿಕಾ ವಿಸ್ತರಣಾಧಿಕಾರಿ. ಯಾವ ಉದ್ಯೋಗ ನಡೆದೀತು, ಖರ್ಚೆಷ್ಟು, ಯಾವ ಯೋಜನೆ ಹೊಂದುತ್ತದೆ ಎಂದು ತಿಳಿಸಿ ಅರ್ಜಿಯನ್ನು ಬ್ಯಾಂಕಿಗೆ ಕಳುಹಿಸುವುದು ಅವರ ಹೊಣೆ. ಸಾಲ ಮಂಜೂರು ಮಾಡುವುದು ಮಾತ್ರ ಬ್ಯಾಂಕು. ಅಲ್ಪಸಂಖ್ಯಾತರಿಗಾಗಿ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವೂ ಇದೆ.

ಆದರೂ ನಾವು ಮೊದಲು ಹುಡುಕುವುದು ದಲ್ಲಾಳಿಯನ್ನು! 2020ರಲ್ಲಿ ಬಂದ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ. ಅದಕ್ಕೂ ಹಣ ತೆತ್ತು ಬರುವ ಸಹೋದರಿಯರನ್ನು ಕಂಡಾಗ ದುಃಖವಾಗುತ್ತದೆ. ದಲ್ಲಾಳಿಗೆ ನಿಮ್ಮ ಸಹಿ ಸಾಕು, ನಿಮ್ಮ ಕಸುಬು ಅವನಿಗೆ ತಿಳಿಯದು. ಅಧಿಕಾರಿಯ ಮುಂದೆ ನೀವೇ ಕುಳಿತು, ಹೊಲಿದದ್ದನ್ನು ತೋರಿಸಿ ಮಾತನಾಡಿದರೆ ತಾನೇ ಸರಿಯಾದ ಸಲಹೆ ಸಿಗುವುದು?

"ಬಡ್ಡಿಯ ಸಾಲ ನಮಗೆ ಬೇಡ, ಅಲ್ಲಿಗೇಕೆ ಹೋಗಬೇಕು?" ಎನ್ನುವವರಿದ್ದಾರೆ. ಬೇಡವಾದರೆ ಬಿಡಿ. ತರಬೇತಿ, ನೋಂದಣಿ, ಮಾರಾಟ ಮೇಳದ ಮಾಹಿತಿ ಕೇಳಲು ಸಾಲ ಮಾಡಬೇಕಿಲ್ಲವಲ್ಲ! ಒಬ್ಬರೇ ಹೋಗಲು ಸಂಕೋಚವಾದರೆ ನಾಲ್ವರು ಕೂಡಿ ಹೋಗಿರಿ. ಹೇಳಿದ್ದನ್ನು ಬರೆದುಕೊಳ್ಳಿರಿ. ಕೊಟ್ಟ ಕಾಗದಕ್ಕೆ ಸ್ವೀಕೃತಿ ಪಡೆಯಿರಿ.

ಅಧಿಕಾರಿಗಳಿಗೂ ಒಂದು ವಿನಂತಿ. ಕಚೇರಿಯ ನೋಟಿಸ್ ಬೋರ್ಡು ನಮ್ಮ ಓಣಿಯ ತಾಯಂದಿರಿಗೆ ಕಾಣುವುದಿಲ್ಲ. ಶಾಲೆಗೆ, ಮೊಹಲ್ಲಾಕ್ಕೆ ಬಂದು ಹೇಳಿರಿ. ಸಾಲ ಕೊಡಿಸಿದ ಮೇಲೆ ಮತ್ತೊಮ್ಮೆ ಬಂದು ವಿಚಾರಿಸಿರಿ. ಆ ಹದಿನೈದು ದಿನಗಳ ಪಾಠವೂ ಇದೇ ಅಲ್ಲವೇ?