ಒಂದು ಸೊಂಟಕ್ಕೆ ಎರಡು ಕತ್ತಿ

ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಒಂದು ಸೊಂಟದಲ್ಲಿ ಎರಡು ಕತ್ತಿ ಇರಬಲ್ಲವು. ಎರಡೂ ಸೇರಿದಾಗಲೇ ಉಡುಪು ಪೂರ್ಣವಾಯಿತೆಂದು ಬಗೆದ ಜನರೂ ಉಂಟು. ದೂರದ ಜಪಾನಿನ ಸಮುರಾಯಿಗಳು ಅಂಥವರು. ನಮ್ಮ ಕೊಡಗಿನ ಕೊಡವರೂ ಅಂಥವರೇ. ಒಬ್ಬರನ್ನೊಬ್ಬರು ಕಂಡು ಕಲಿತುದಲ್ಲವಾದರೂ ಈ ಎರಡು ಜೋಡಿಗಳಲ್ಲಿ ಸೋಜಿಗಪಡುವಷ್ಟು ಹೋಲಿಕೆ ಇದೆ.

ಮೊದಲು ನಮ್ಮ ಹತ್ತಿರದ ಕಲ್ಲುಗಳನ್ನು ನೋಡೋಣ. ಕ್ಯಾಸನೂರಿನ ಸುತ್ತಲಿನ ಸೊರಬ ಸೀಮೆಯಲ್ಲಿಯೂ ಶಿಕಾರಿಪುರದ ಬಳಿಯ ಬಳ್ಳಿಗಾವಿಯಲ್ಲಿಯೂ ವೀರಗಲ್ಲುಗಳಿಗೆ ಕೊರತೆಯಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ವೀರನು ಹೋರಾಡುತ್ತಾನೆ; ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ; ಮೇಲೆ ಅವನು ಶಿವಲಿಂಗದ ಮುಂದೆ ಕುಳಿತಿದ್ದಾನೆ. ಇಂಥ ಕಲ್ಲುಗಳಲ್ಲಿ ಕೈಯಲ್ಲಿ ಕತ್ತಿ, ಸೊಂಟದಲ್ಲಿ ಸುರಿಗೆ ಇರುವ ವೀರರನ್ನು ಕಾಣಬಹುದು. ಜೋಡಿ ಆಯುಧದ ರೂಢಿ ಹೊಸದಲ್ಲ. ಆದರೆ ಕಬ್ಬಿಣ ತುಕ್ಕಾಗಿ ಹೋಯಿತು, ಹಿಡಿಯ ಮರ ಗೆದ್ದಲಿಗಾಯಿತು, ಬೆಳ್ಳಿಬಂಗಾರ ಕರಗಿತು. ಉಳಿದದ್ದು ಕಲ್ಲಿನ ಗೆರೆ ಮಾತ್ರ. ಅದೇ ಬಗೆಯ ಜೋಡಿಯನ್ನು ಒಡವೆವಸ್ತುಗಳ ಸಮೇತ ಇಂದಿಗೂ ನೋಡಬೇಕಾದರೆ ಕೊಡಗಿಗೆ ಹೋಗಬೇಕು.

ಕೊಡವ ಗಂಡಸಿನ ಹಬ್ಬದ ಉಡುಪು ಕುಪ್ಯ ಚೇಲೆ. ಕುಪ್ಯವೆಂದರೆ ಮೊಣಕಾಲ ಕೆಳಗಿನವರೆಗೆ ಇಳಿಯುವ ಅಂಗಿ. ಚೇಲೆಯೆಂದರೆ ಸೊಂಟಕ್ಕೆ ಬಿಗಿಯುವ ಕೆಂಪು ರೇಷ್ಮೆಯ ಪಟ್ಟಿ. ಚೇಲೆಯ ಮುಂಭಾಗದಲ್ಲಿ ಸಿಕ್ಕಿಸಿಕೊಳ್ಳುವುದು ಪೀಚೆಕತ್ತಿ. ಬೆನ್ನ ಹಿಂದೆ ಧರಿಸುವುದು ಒಡಿಕತ್ತಿ. 1870ರಲ್ಲಿ ರಿಕ್ಟರ್ ಪಾದ್ರಿಗಳ ಕೊಡಗಿನ ಕೈಪಿಡಿ ಅಚ್ಚಾಗುವ ಕಾಲಕ್ಕೆ ಈ ಎರಡೂ ಕೊಡವರ ಗುರುತಾಗಿದ್ದವು.

ಒಡಿಕತ್ತಿ ದೊಡ್ಡದು, ಭಾರವಾದದ್ದು. ಹಿಡಿಯ ಬಳಿ ಕಿರಿದಾಗಿದ್ದು ಮುಂದೆ ಅಗಲವಾಗುತ್ತ ಬಾಗುತ್ತದೆ. ಅದರ ಹರಿತವಿರುವುದು ಬಾಗಿನ ಒಳಮೈಯಲ್ಲಿ, ಕುಡುಗೋಲಿನ ಹಾಗೆ. ತೂಕವೆಲ್ಲ ಮುಂಭಾಗದಲ್ಲಿರುವುದರಿಂದ ಏಟು ಬಲವಾಗಿ ಬೀಳುತ್ತದೆ. ಈ ಕತ್ತಿಗೆ ಒರೆಯೇ ಇಲ್ಲ! ಸೊಂಟಪಟ್ಟಿಗೆ ಸೇರಿದ ತೊಡಂಗ್ ಎಂಬ ಹಿತ್ತಾಳೆಯ ಹಿಡಿಕೆಯಲ್ಲಿ ಅದನ್ನು ಬೆನ್ನಿಗೆ ಸಿಕ್ಕಿಸಿಕೊಳ್ಳುತ್ತಾರೆ. ಬೆಟ್ಟದ ಪೊದೆಗಳ ನಡುವೆ ನಡೆಯುವವನಿಗೆ ಎರಡು ಕೈಯೂ ಬಿಡುವಾಗಿರಬೇಕು. ಬೇಕೆಂದಾಗ ಕೈ ಹಿಂದಕ್ಕೆ ಹೋದರೆ ಸಾಕು, ಕತ್ತಿ ಸಿಗಬೇಕು.

ಪೀಚೆಕತ್ತಿಯ ಬಗೆಯೇ ಬೇರೆ. ಅದು ಗಿಡ್ಡ, ಅಲಗು ಅಗಲ ಮತ್ತು ನೇರ. ಹಿಡಿಯ ತುದಿ ಗಿಳಿಯ ತಲೆಯಂತೆ ಬಾಗಿರುವುದುಂಟು. ಕುಶಲತೆಯೆಲ್ಲ ಇಲ್ಲಿ ತೋರಿದೆ. ಹಿಡಿಗೆ ಬೆಳ್ಳಿಯ ಹೂಗಳು, ಒರೆಗೆ ಬೆಳ್ಳಿಯ ಕಟ್ಟು, ಒರೆಯಿಂದ ಇಳಿಬಿದ್ದ ಬೆಳ್ಳಿಯ ಸರಪಳಿ. ಆ ಸರಪಳಿಯ ಕೊನೆಯಲ್ಲಿ ಚಿಮಟ, ಉಗುರು ತೆಗೆಯುವ ಮೊನೆ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ ಮುಂತಾದ ಪುಟ್ಟ ಸಾಮಾನುಗಳ ಗೊಂಚಲು. ಕಾದುವವನೂ ಕಿವಿ ಶುಚಿಮಾಡಿಕೊಳ್ಳಲೇಬೇಕಲ್ಲವೇ! ಅಲಗು ಕಮ್ಮಾರನದು, ಒಡವೆ ಅಕ್ಕಸಾಲಿಯದು. ಇಬ್ಬರ ಕೈಯೂ ಸೇರಿ ಒಂದು ಕತ್ತಿ.

ಈಗ ಜಪಾನಿನ ಜೋಡಿಯನ್ನು ನೋಡಿರಿ. ಅದಕ್ಕೆ ದೈಶೋ, ಎಂದರೆ ದೊಡ್ಡದು ಚಿಕ್ಕದು, ಎಂದು ಹೆಸರು. ದೊಡ್ಡದಾದ ಕತಾನದ ಅಲಗು ಸುಮಾರು 60 ಸೆಂಟಿಮೀಟರಿಗಿಂತ ಉದ್ದ. ಚಿಕ್ಕದಾದ ವಾಕಿಜಾಶಿಯದು 30ರಿಂದ 60 ಸೆಂಟಿಮೀಟರು. ಮನೆಯೊಳಗೆ ಬಂದಾಗ ಉದ್ದದ್ದನ್ನು ತೆಗೆದಿಡುವರು. ಗಿಡ್ಡದ್ದು ಸೊಂಟದಲ್ಲಿಯೇ ಇರುವುದು. 1588ರಲ್ಲಿ ಹಿದೆಯೋಶಿ ಎಂಬ ದಂಡನಾಯಕನು ರೈತರಿಂದ ಕತ್ತಿಗಳನ್ನು ಕಿತ್ತುಕೊಂಡನು. ಮುಂದೆ 1603ರಿಂದ 1868ರವರೆಗಿನ ಎದೋ ಕಾಲದಲ್ಲಿ ಎರಡನ್ನೂ ಜೊತೆಯಾಗಿ ಧರಿಸುವ ಹಕ್ಕು ಸಮುರಾಯಿಗಳ ಗುರುತಾಯಿತು.

ಆ ಅಲಗಿನ ಗುಟ್ಟು ಮಣ್ಣಿನಲ್ಲಿದೆ. ಕಬ್ಬಿಣದ ಮರಳನ್ನು ಇದ್ದಿಲಿನೊಂದಿಗೆ ಕಾಸಿ ಉಕ್ಕು ಮಾಡಿ, ಬಡಿದು ಮಡಿಸಿ ಅಲಗು ತೆಗೆಯುತ್ತಾರೆ. ಬಳಿಕ ಬೆನ್ನಿಗೆ ದಪ್ಪವಾಗಿ, ಬಾಯಿಗೆ ತೆಳುವಾಗಿ ಮಣ್ಣು ಬಳಿದು, ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದುತ್ತಾರೆ. ಬಾಯಿ ಬೇಗ ತಣಿದು ಗಡುಸಾಗುತ್ತದೆ. ಬೆನ್ನು ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಆದುದರಿಂದ ಕತ್ತಿ ಹರಿತವೂ ಹೌದು, ಸುಲಭವಾಗಿ ಮುರಿಯದು. ಅಲಗಿನ ಬುಡದಲ್ಲಿ ಕಮ್ಮಾರನು ಹೆಸರು ಕೊರೆಯುತ್ತಾನೆ. ಆ ಬುಡ ಹಿಡಿಯೊಳಗೆ ಅಡಗಿದ್ದು, ಒಂದೇ ಒಂದು ಬಿದಿರಿನ ಗೂಟದಿಂದ ನಿಲ್ಲುತ್ತದೆ. ಗೂಟ ತೆಗೆದರೆ ಇಡೀ ಉಡುಪು ಕಳಚುತ್ತದೆ.

ಆ ಉಡುಪಿನ ಸೊಬಗು ದೊಡ್ಡದು. ಹಿಡಿಯ ಮರಕ್ಕೆ ತಿರಂಡಿ ಮೀನಿನ ಒರಟು ಚರ್ಮ, ಅದರ ಮೇಲೆ ರೇಷ್ಮೆಯ ದಾರದ ಸುತ್ತು, ಸುತ್ತಿನ ಅಡಿಯಲ್ಲಿ ಮೆನುಕಿ ಎಂಬ ಪುಟ್ಟ ಗೊಂಬೆ ಕೆಲಸ. ಹಿಡಿಗೂ ಅಲಗಿಗೂ ನಡುವೆ ಕೈಕಾಯುವ ಬಿಲ್ಲೆ, ತ್ಸುಬ. ಅಂಗೈಯಗಲದ ಈ ಲೋಹದಲ್ಲಿ ಕೊಕ್ಕರೆ, ಬಿದಿರು, ಅಲೆ, ಚಂದ್ರ ಎಲ್ಲವೂ ಮೂಡಿವೆ. ಬೀದರಿನ ಬಿದರಿ ಕೆಲಸ ಕಂಡವರಿಗೆ ಇಲ್ಲಿಯ ಕಪ್ಪು ಹೊಳಪು ಪರಿಚಿತವೆನಿಸೀತು. ಆದರೆ ಬಿದರಿಯ ಕಪ್ಪು ಸತುವಿನ ಮಿಶ್ರಲೋಹದ್ದು. ಶಕುದೋ ಎಂಬ ಈ ಕಪ್ಪು, ತಾಮ್ರಕ್ಕೆ ನೂರಕ್ಕೆ ಕೆಲವು ಪಾಲು ಚಿನ್ನ ಬೆರೆಸಿ ಔಷಧದ ನೀರಿನಲ್ಲಿ ಕುದಿಸಿ ಬರಿಸಿದ್ದು. ಚಿನ್ನವನ್ನು ಹೊಳೆಯಲೆಂದಲ್ಲ, ಕಪ್ಪಾಗಲೆಂದು ಹಾಕಿದರು! ಗೋಟೊ ಮನೆತನದವರು ಹದಿನೈದನೆಯ ಶತಮಾನದಿಂದ ಹದಿನೇಳು ತಲೆಮಾರು ಈ ಕೆಲಸ ಮಾಡಿದರು. ಒರೆಯ ಪಕ್ಕದಲ್ಲಿ ಸಿಕ್ಕಿಸುವ ಕೋಗಾಯಿ ಎಂಬ ಕೂದಲ ಕಡ್ಡಿಯ ತುದಿಯಲ್ಲಿ ಏನಿದೆ ಗೊತ್ತೇ? ಕಿವಿಯ ಗುಗ್ಗೆ ತೆಗೆಯುವ ಚಮಚ. ಕೊಡಗಿನ ಸರಪಳಿಯೂ ಜಪಾನಿನ ಕಡ್ಡಿಯೂ ಇಲ್ಲಿ ಕೈಕುಲುಕುತ್ತವೆ.

ಇಷ್ಟು ಹೋಲುವ ಈ ಎರಡು ಜೋಡಿಗಳ ಹಣೆಬರಹ ಬೇರೆಯಾಯಿತು. ಜಪಾನಿನಲ್ಲಿ 1876ರಲ್ಲಿ ಸರ್ಕಾರವು ಕತ್ತಿ ಧರಿಸಿ ಹೊರಗೆ ಹೋಗುವುದನ್ನೇ ನಿಷೇಧಿಸಿತು. ಕತ್ತಿಯ ಒಡವೆ ಮಾಡುತ್ತಿದ್ದವರ ಕಸುಬು ಕುಸಿಯಿತು. ಅವರಲ್ಲಿ ಹೆಸರಾಂತ ಕಾನೊ ನತ್ಸುವೊ ಮಾತ್ರ ಹೊಸ ಸರ್ಕಾರದ ನಾಣ್ಯಗಳಿಗೆ ಮಾದರಿ ಕೆತ್ತಿ, 1890ರಿಂದ ತೋಕಿಯೋದ ಕಲಾಶಾಲೆಯಲ್ಲಿ ಪಾಠ ಹೇಳಿದರು. ಒಡವೆಗಳು ಅಲಗಿನಿಂದ ಕಳಚಿ ಪರದೇಶದ ಸಂಗ್ರಹಕಾರರ ಪೆಟ್ಟಿಗೆ ಸೇರಿದವು: ಒಂದು ಜೋಡಿಯ ಬಿಲ್ಲೆ ಒಂದು ದೇಶದಲ್ಲಿ, ಅಲಗು ಇನ್ನೊಂದು ದೇಶದಲ್ಲಿ. 1945ರ ಸೋಲಿನ ನಂತರ ಲೆಕ್ಕವಿಲ್ಲದಷ್ಟು ಕತ್ತಿಗಳು ನಾಶವಾದವು. ಅಳಿದುಳಿದವನ್ನು ಕಲಾವಸ್ತುಗಳೆಂದು ಕಾಯಲು 1948ರಲ್ಲಿ ಒಂದು ಸಂಘವೇ ಹುಟ್ಟಬೇಕಾಯಿತು.

ಕೊಡಗಿನಲ್ಲಿ ಹಾಗಾಗಲಿಲ್ಲ. 1857ರ ದಂಗೆಯ ತರುವಾಯ ಆಂಗ್ಲರು ದೇಶದ ಜನರ ಆಯುಧಗಳನ್ನು ಕಿತ್ತುಕೊಂಡಾಗ, 1861ರಲ್ಲಿ ಕೊಡಗಿನವರಿಗೆ ವಿನಾಯಿತಿ ದೊರೆಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ವಿಷಯದಲ್ಲಿ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಆದರೆ ಕತ್ತಿಯನ್ನು ಉಳಿಸಿದುದು ಕಾನೂನೊಂದೇ ಅಲ್ಲ. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಂದು ಕತ್ತಿ ಕೋವಿಗಳನ್ನು ಶುಚಿಮಾಡಿ, ತೋಕ್‌ಪೂ ಎಂಬ ಕೋವಿಹೂ ಮುಡಿಸಿ ಪೂಜಿಸುತ್ತಾರೆ. ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡನ್ನು ಒಡಿಕತ್ತಿಯಿಂದ ಕಡಿಯುವುದು ಗೌರವದ ಕಾರ್ಯ. ಕಾಳಗ ಹೋದರೂ ಕತ್ತಿಗೆ ಕೆಲಸ ಉಳಿಯಿತು. ಕೆಲಸವಿದ್ದ ಕತ್ತಿ ಮನೆಯಲ್ಲಿಯೇ, ತನ್ನ ಜೋಡಿಯೊಡನೆಯೇ ಉಳಿಯಿತು.

ಇದರಿಂದ ನಾವು ತಿಳಿಯತಕ್ಕದ್ದು ಇಷ್ಟು. ಹಿರಿಯರ ಕತ್ತಿಯೋ ಸುರಿಗೆಯೋ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ, ಬೆಳ್ಳಿಯ ಕಟ್ಟನ್ನು ಬಿಚ್ಚಿ ತೂಕಕ್ಕೆ ಮಾರಬೇಡಿರಿ. ಕರಗಿದ ಬೆಳ್ಳಿಗೆ ಕೆಲವು ರೂಪಾಯಿ ಬಂದೀತು. ಒಡವೆ ಕಳೆದ ಕತ್ತಿಯ ಊರು, ಮನೆತನ, ಕಾಲ ಯಾವುದನ್ನೂ ಮತ್ತೆ ಹೇಳಲಾಗದು. ತುಕ್ಕನ್ನು ಮರಳಿನಿಂದ ತಿಕ್ಕಬೇಡಿರಿ. ಜಪಾನಿನಲ್ಲಿ ಅಲಗಿನ ಬುಡದ ತುಕ್ಕನ್ನು ಮುಟ್ಟುವುದೇ ಇಲ್ಲ. ಅದರ ಬಣ್ಣದಿಂದಲೇ ವಯಸ್ಸನ್ನು ಅಳೆಯುತ್ತಾರೆ. ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿದರೆ ಸಾಕು. ಅಲ್ಲಿಯವರು ಅಲಗನ್ನು ಸಾದಾ ಮರದ ಒರೆಯಲ್ಲಿಟ್ಟು, ಒಡವೆಗಳನ್ನು ಒಂದು ಮರದ ಅಲಗಿಗೆ ತೊಡಿಸಿ ಇಡುವುದುಂಟು. ಬೇರೆ ಬೇರೆ ಇಟ್ಟರೂ ಎರಡನ್ನೂ ಒಂದೇ ಮನೆಯಲ್ಲಿ ಇಡುವುದು ಅದರ ಮರ್ಮ.

ಕೊನೆಯದಾಗಿ, ಆ ಕತ್ತಿ ಯಾರದು, ಅದನ್ನು ಯಾವಾಗ ಧರಿಸುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಕಾಗದದಲ್ಲಿ ಬರೆದು ಅದರ ಜೊತೆಗೇ ಇಡಿರಿ. ಸೊರಬದ ವೀರನಿಗೆ ಕಲ್ಲು ನೆಟ್ಟವರು ಮಾಡಿದುದೂ ಇದನ್ನೇ.