ನಿಮಗಿದು ಗೊತ್ತೆ? ಕೇಳಿದ ಕೂಡಲೇ ಸಿಗದ ಕಾರ್ಡು

ಸಿಪಿಎಂಗೆ ಅರ್ಜಿ ಹಾಕಿದ ದಿನವೇ ಪೂರ್ಣ ಸದಸ್ಯತ್ವ ಸಿಗುವುದಿಲ್ಲ! ಇಬ್ಬರು ಸದಸ್ಯರ ಶಿಫಾರಸು ಬೇಕು. ಬಳಿಕ ಒಂದು ವರ್ಷ ಅಭ್ಯರ್ಥಿ ಸದಸ್ಯರಾಗಿ ದುಡಿಯಬೇಕು. ಆಗ ಚರ್ಚೆಗೆ ಅವಕಾಶವುಂಟು, ಮತದ ಹಕ್ಕಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಎಲ್ಲೇ ಇರಲಿ, ನಿಯಮ ಒಂದೇ. ಸದಸ್ಯತ್ವ ಕಾರ್ಡಿನ ಮಾದರಿಯೂ ದೇಶಕ್ಕೆಲ್ಲ ಒಂದೇ. ಇಷ್ಟು ಬಿಗಿ ಏಕೆ? ಇದರ ಬೇರು 1903ರಲ್ಲಿದೆ. ರಷ್ಯಾದ ಸಮಾಜವಾದಿಗಳ ಎರಡನೇ ಮಹಾಧಿವೇಶನದಲ್ಲಿ, ಪಕ್ಷದ ಘಟಕದಲ್ಲಿ ಖುದ್ದಾಗಿ ದುಡಿಯುವವರೇ ಸದಸ್ಯರು ಎಂದು ಲೆನಿನ್ ವಾದಿಸಿದರು. ಅಲ್ಲಿದ್ದ ಮತ್ತೊಬ್ಬ ನಾಯಕ ಮಾರ್ತೊವ್ ಅವರ ಸಡಿಲ ನಿಯಮ 28–22 ಮತಗಳಿಂದ ಗೆದ್ದಿತು. ಆದರೂ ಮುಂದೆ ಕಮ್ಯುನಿಸ್ಟ್ ಪಕ್ಷಗಳಲ್ಲಿ ನಿಂತದ್ದು ಲೆನಿನ್ ಮಾತೇ. ಈ ಬಿಗಿ ನಿಯಮ ಜನರಿಗೆ ಬಾಗಿಲು ಮುಚ್ಚಿದಂತೆ ಎಂಬ ಆಕ್ಷೇಪ ಪೂರ್ತಿ ಸರಿಯಲ್ಲ: ರೈತ, ಕಾರ್ಮಿಕ ಸಂಘಟನೆಗಳಿಗೆ ಸೇರಲು ಈ ಕಾರ್ಡು ಬೇಕಿಲ್ಲ. ಕಾರ್ಡು ದುಡಿಮೆಯ ಲೆಕ್ಕಪತ್ರ. ಅದಕ್ಕೇ ಸದಸ್ಯತ್ವವನ್ನು ಪ್ರತಿವರ್ಷ ಪರಿಶೀಲಿಸಿ ನವೀಕರಿಸುತ್ತಾರೆ.