ಕರುಳಿನ ಬಿಳಿಯ ಕಾಲುವೆಗಳು

ಹೃದಯದಿಂದ ಹೊರಟ ರಕ್ತವು ಮೈಯೆಲ್ಲ ಸುತ್ತಿ ಹೃದಯಕ್ಕೇ ಬಂದು ಸೇರುವುದೆಂಬುದನ್ನು ಶಾಲೆಯ ಬಾಲಕರೂ ಬಲ್ಲರು. ಆದರೆ ಹೊರಟುದೆಲ್ಲವೂ ರಕ್ತನಾಳದಲ್ಲಿಯೇ ಹಿಂದಿರುಗುವುದಿಲ್ಲ. ಕೂದಲಿಗಿಂತಲೂ ಸಣ್ಣದಾದ ನಾಳಗಳ ಗೋಡೆಯಿಂದ ನೀರೂ ಲವಣವೂ ಸ್ವಲ್ಪಮಟ್ಟಿಗೆ ಸಸಾರಜನಕವೂ ಹೊರಕ್ಕೆ ಜಿನುಗುತ್ತವೆ. ಹೀಗೆ ಜಿನುಗಿ ಉಳಿದುದನ್ನು ಕೂಡಿಸಿ ರಕ್ತಕ್ಕೆ ಮರಳಿ ಒಪ್ಪಿಸತಕ್ಕ ಇನ್ನೊಂದು ನಾಳಜಾಲವು ನಮ್ಮ ದೇಹದಲ್ಲಿ ಉಂಟು. ಅದರಲ್ಲಿ ಹರಿಯುವ ದ್ರವಕ್ಕೆ ದುಗ್ಧರಸವೆಂದು ಹೆಸರು. ಕೈಕಾಲುಗಳಲ್ಲಿ ಅದು ತಿಳಿನೀರಿನಂತಿರುವುದು; ಹಾಲಿನ ಬಣ್ಣವು ಊಟವಾದ ಮೇಲೆ ಕರುಳಿನ ರಸಕ್ಕೆ ಮಾತ್ರ. ಕನ್ನಡದ ಹೆಸರನ್ನು ಕರುಳನ್ನು ನೋಡಿಯೇ ಇಟ್ಟಂತಿದೆ.

ಈ ಬಿಳುಪನ್ನು ಕಂಡು ಬೆರಗಾದವನು ಇಟಲಿ ದೇಶದ ಗ್ಯಾಸ್ಪರೆ ಅಸೆಲ್ಲಿ. ೧೬೨೨ರಲ್ಲಿ ಆತನು ಹೊಟ್ಟೆ ತುಂಬ ತಿಂದಿದ್ದ ನಾಯಿಯೊಂದನ್ನು, ಆ ಕಾಲದ ನಿರ್ದಯ ಪದ್ಧತಿಯಂತೆ, ಜೀವವಿರುವಾಗಲೇ ಕೊಯ್ದು ಪರೀಕ್ಷಿಸುತ್ತಿದ್ದನು. ಕರುಳಿನ ಮೇಲೆ ಬಿಳಿಯ ಎಳೆಗಳು ಹರಡಿದ್ದುವು. ನರಗಳಿರಬಹುದೆಂದು ಒಂದನ್ನು ಕತ್ತರಿಸಲು, ಹಾಲಿನಂತಹ ದ್ರವವು ಚಿಮ್ಮಿತು. ಇನ್ನೊಂದು ನಾಯಿಯನ್ನು ಉಪವಾಸವಿದ್ದಾಗ ನೋಡಿದರೆ ಎಳೆಗಳೇ ಇಲ್ಲ! ಈ ನಾಳಗಳು ಯಕೃತ್ತಿಗೆ ಹೋಗುವುವೆಂದು ಅಸೆಲ್ಲಿ ತಿಳಿದನು, ಅದು ಸರಿಯಲ್ಲ. ಅವು ಎದೆಯೊಳಗಿನ ದೊಡ್ಡ ನಾಳದ ಮೂಲಕ ಕತ್ತಿನ ಬುಡದ ರಕ್ತನಾಳವನ್ನು ಸೇರುವುವೆಂಬುದನ್ನು ಫ್ರಾನ್ಸಿನ ಜಾನ್ ಪೆಕೆ ೧೬೫೧ರಲ್ಲಿ ಪ್ರಕಟಿಸಿದನು.

ಅನ್ನದ ಪಿಷ್ಟವು ಸಕ್ಕರೆಯಾಗಿ ರಕ್ತನಾಳವನ್ನು ಹೊಕ್ಕು ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಅದೇ ಅನ್ನಕ್ಕೆ ಹಾಕಿಕೊಂಡ ತುಪ್ಪದ ದಾರಿ ಬೇರೆ. ಜಿಡ್ಡಿನ ಬಹುಭಾಗವು ಸಸಾರಜನಕದ ಹೊದಿಕೆಯುಳ್ಳ ಹನಿಗಳಾಗಿ, ರಕ್ತನಾಳದ ಗೋಡೆಯಲ್ಲಿ ನುಸುಳಲಾರದಷ್ಟು ದಪ್ಪವಾಗಿರುವುದರಿಂದ, ಕರುಳಿನ ಒಳಮೈಯ ಬೆರಳಿನಂತಹ ಕುಚ್ಚುಗಳ ನಡುವಣ ದುಗ್ಧನಾಳವನ್ನು ಸೇರುತ್ತದೆ.

ಆದರೆ ಕರುಳಿನಿಂದ ಹೊರಡುವುದು ಜಿಡ್ಡೊಂದೇ ಅಲ್ಲ. ಅಲ್ಲಿ ವಾಸಿಸುವ ಅಸಂಖ್ಯ ಸೂಕ್ಷ್ಮಜೀವಿಗಳ ಅಂಶಗಳನ್ನೂ ಆಹಾರದ ಕಣಗಳನ್ನೂ ಕೆಲವು ಜೀವಕೋಶಗಳು ಹೊತ್ತು ಇದೇ ದಾರಿಯಲ್ಲಿ ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ. ಸುಂಕದ ಕಟ್ಟೆಯಂತಿರುವ ಆ ಗ್ರಂಥಿಗಳಲ್ಲಿ ಬಿಳಿಯ ರಕ್ತಕಣಗಳು ಯಾವುದನ್ನು ಸಹಿಸಬೇಕು, ಯಾವುದನ್ನು ಎದುರಿಸಬೇಕು ಎಂಬುದನ್ನು ಕಲಿಯುತ್ತವೆ. ದಿನವೂ ಉಣ್ಣುವ ಬೇಳೆಯ ಮೇಲೆ ನಮ್ಮ ಮೈ ಯುದ್ಧ ಹೂಡದಿರುವುದು ಈ ಶಿಕ್ಷಣದ ಫಲ.

ಉರಿಯೂತವಾದಾಗ ರಕ್ತನಾಳಗಳ ಜಿನುಗು ಹೆಚ್ಚುತ್ತದೆ. ಅದನ್ನು ಸಾಗಿಸುವ ಹೊರೆ ದುಗ್ಧನಾಳಗಳದು. ಅವು ಸೋತರೆ ನೀರೂ ಉರಿಯೂತದ ಕಣಗಳೂ ಅಲ್ಲಿಯೇ ನಿಂತು ಊತವು ಬೇರೂರುತ್ತದೆ. ಕರುಳಿನ ಗೋಡೆ ದಪ್ಪವಾಗುವ ರೋಗವೊಂದನ್ನು ೧೯೩೨ರಲ್ಲಿ ನ್ಯೂಯಾರ್ಕಿನ ಕ್ರೋನ್ ಮೊದಲಾದ ಮೂವರು ವೈದ್ಯರು ವರ್ಣಿಸಿದರು. ೧೯೩೬ರಲ್ಲಿ ರೈಕರ್ಟ್ ಮತ್ತು ಮ್ಯಾಥಿಸ್ ಎಂಬುವರು ನಾಯಿಗಳ ಕರುಳಿನ ದುಗ್ಧನಾಳಗಳನ್ನು ಮದ್ದು ಚುಚ್ಚಿ ಮುಚ್ಚಿದಾಗ, ಆ ರೋಗವನ್ನು ಹೋಲುವ ಊತವೇ ಕಾಣಿಸಿತು. ಮನುಷ್ಯರಲ್ಲಿ ನಾಳಗಳ ಕೆಡುಕು ರೋಗಕ್ಕೆ ಕಾರಣವೋ ಪರಿಣಾಮವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಎರಡೂ ಒಂದನ್ನೊಂದು ಬೆಳೆಸುತ್ತವೆಂದು ನಂಬಲು ಆಧಾರವಿದೆ.

ಇಷ್ಟನ್ನೇ ಹಿಡಿದು ದುಗ್ಧರಸವನ್ನು ಶುದ್ಧಿಮಾಡುವೆವೆಂದು ಪುಡಿ ಕಷಾಯಗಳನ್ನು ಮಾರುವವರು ಹೊರಟಿದ್ದಾರೆ. ಕೊಳ್ಳುವ ಮುನ್ನ ನಾವು ಯೋಚಿಸಬೇಕು. ದೊಡ್ಡ ದುಗ್ಧನಾಳಗಳಿಗೆ ತಮ್ಮದೇ ಸ್ನಾಯುವೂ ಹಿಮ್ಮುಖ ಹರಿವನ್ನು ತಡೆಯುವ ಕವಾಟಗಳೂ ಉಂಟು. ಉಸಿರಾಟವೂ ನಡಿಗೆಯೂ ಅವಕ್ಕೆ ನೆರವಾಗುತ್ತವೆ. ಈ ಕೆಲಸವನ್ನು ಪುಡಿಯು ಮಾಡುವುದೆಂಬುದಕ್ಕೆ ಪ್ರಮಾಣವಿಲ್ಲ. ಆಹಾರದಿಂದ ನಿಜವಾಗಿ ಉಪಕಾರವಾಗುವ ಸಂದರ್ಭ ಬೇರೆಯುಂಟು. ಕರುಳಿನ ದುಗ್ಧನಾಳಗಳು ಉಬ್ಬಿ ಸೋರುವ ಅಪರೂಪದ ರೋಗದಲ್ಲಿ ಸಸಾರಜನಕವು ಕರುಳಿಗೆ ಹರಿದುಹೋಗಿ ಕಾಲು ಬಾಯುತ್ತದೆ. ಆಗ ವೈದ್ಯರು ಸಾಮಾನ್ಯ ಜಿಡ್ಡನ್ನು ಬಹಳವಾಗಿ ಕಡಿಮೆಮಾಡಿಸಿ, ತೆಂಗಿನೆಣ್ಣೆಯಿಂದ ಬೇರ್ಪಡಿಸಿದ ಒಂದು ಬಗೆಯ ಹಗುರ ಕೊಬ್ಬನ್ನು ಕೊಡುತ್ತಾರೆ. ಅದು ದುಗ್ಧನಾಳವನ್ನು ಬಳಸದೆ ರಕ್ತದ ದಾರಿಯಿಂದಲೇ ಯಕೃತ್ತನ್ನು ಸೇರುತ್ತದೆ. ಸೋರುತ್ತಿರುವ ಕಾಲುವೆಯ ಹೊರೆ ಅಷ್ಟರಮಟ್ಟಿಗೆ ಇಳಿಯುತ್ತದೆ.